ಜರ್ನಲ್‌ಗೆ ಲೇಖನ ಕಳಿಸುವ ಮುನ್ನ: ಉಲ್ಲೇಖ ಮತ್ತು ರೆಫರೆನ್ಸ್ ಪಟ್ಟಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ರೆಫರೆನ್ಸ್ ಪಟ್ಟಿಗೆ ಇರುವುದು ಒಂದೇ ಕೆಲಸ. ನೀವು ನೋಡಿದ ಲೇಖನವನ್ನು, ಅದೇ ಪುಟವನ್ನು, ಓದುಗರೂ ತೆಗೆದು ನೋಡುವಂತಿರಬೇಕು. ಅಲ್ಪವಿರಾಮ ಎಲ್ಲಿ, ಇಟಾಲಿಕ್ಸ್ ಎಲ್ಲಿ, ವರ್ಷ ಆವರಣದೊಳಗೋ ಹೊರಗೋ ಅನ್ನುವುದೆಲ್ಲ ಆಮೇಲಿನ ಮಾತು. ಆದರೆ ನಮ್ಮಲ್ಲಿ ಜಾಸ್ತಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಚುಕ್ಕೆ, ಗೆರೆ ಸರಿ ಮಾಡುತ್ತಾ ರಾತ್ರಿ ಕಳೆಯುತ್ತಾರೆ, ಲೇಖಕರ ಹೆಸರೇ ತಪ್ಪಿರುವುದನ್ನು ನೋಡುವುದಿಲ್ಲ. ಶೈಲಿಯನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಮಾಹಿತಿಯನ್ನು ನೀವೇ ನೋಡಿಕೊಳ್ಳಬೇಕು. ಅದರಲ್ಲೂ ನಮ್ಮ ಕಡೆಯ ಹೆಸರುಗಳು, ಕನ್ನಡ ಪುಸ್ತಕಗಳು, ಶಾಸನಗಳು ಬಂದರೆ ಸಾಫ್ಟ್‌ವೇರ್‌ಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಜರ್ನಲ್‌ನ ಸೂಚನೆ ಓದಿ

ಪ್ರತಿ ಜರ್ನಲ್‌ನ ತಾಣದಲ್ಲೂ ಲೇಖಕರಿಗೆ ಸೂಚನೆಗಳು ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ರೆಫರೆನ್ಸ್ ಭಾಗವನ್ನು ಪೂರ್ತಿ ಓದಿ. ಇಷ್ಟು ಗುರುತು ಹಾಕಿಕೊಳ್ಳಿ: ಯಾವ ಶೈಲಿ, ಪಠ್ಯದ ಒಳಗೆ ಸಂಖ್ಯೆಯೋ ಹೆಸರು-ವರ್ಷವೋ, ಜರ್ನಲ್ ಹೆಸರು ಪೂರ್ತಿಯೋ ಸಂಕ್ಷಿಪ್ತವೋ, ಎಷ್ಟು ಲೇಖಕರ ನಂತರ 'ಎಟ್ ಆಲ್' (ಅಂದರೆ 'ಮತ್ತು ಇತರರು') ಹಾಕಬೇಕು, ಡಿಒಐ (ಲೇಖನದ ಖಾಯಂ ಡಿಜಿಟಲ್ ಗುರುತು) ಕಡ್ಡಾಯವೋ, ರೆಫರೆನ್ಸ್‌ಗಳ ಸಂಖ್ಯೆಗೆ ಮಿತಿ ಇದೆಯೋ.

ಆಮೇಲೆ ಅದೇ ಜರ್ನಲ್‌ನಲ್ಲಿ ಇತ್ತೀಚೆಗೆ ಬಂದ ಎರಡು ಮೂರು ಲೇಖನ ಇಳಿಸಿಕೊಂಡು ಅವುಗಳ ಕೊನೆಯ ಪುಟ ನೋಡಿ. ಸೂಚನೆಯಲ್ಲಿ ಒಂದು, ಅಚ್ಚಿನಲ್ಲಿ ಇನ್ನೊಂದು ಇರುವುದು ಅಪರೂಪವೇನಲ್ಲ. ಆಗ ಸೂಚನೆಯನ್ನೇ ಪಾಲಿಸಿ, ಅದರಲ್ಲಿ ಹೇಳದೆ ಬಿಟ್ಟಿದ್ದಕ್ಕೆ ಮಾತ್ರ ಅಚ್ಚಾದದ್ದನ್ನು ನೋಡಿ. ಮೊದಲ ಸಲ ಕಳಿಸುವಾಗ ಯಾವ ಶೈಲಿಯಾದರೂ ಪರವಾಗಿಲ್ಲ, ಒಂದೇ ಥರ ಇದ್ದರೆ ಸಾಕು ಅನ್ನುವ ಜರ್ನಲ್‌ಗಳೂ ಈಗ ಬೇಕಾದಷ್ಟಿವೆ. ನಿಮ್ಮದು ಅಂಥದ್ದಾದರೆ ಸ್ವೀಕಾರ ಆಗುವ ತನಕ ಶೈಲಿಯ ಚಿಂತೆ ಬಿಡಿ, ಮಾಹಿತಿ ಸರಿ ಮಾಡಿ.

ಒಂದೇ ಲೇಖನ, ಮೂರು ರೂಪ

ಶೈಲಿಗಳ ವ್ಯತ್ಯಾಸ ನಿಯಮ ಓದಿದರೆ ತಲೆಗೆ ಹತ್ತುವುದಿಲ್ಲ, ಉದಾಹರಣೆ ನೋಡಿದರೆ ಹತ್ತುತ್ತದೆ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಪುಟ್ಟ ಟಿಪ್ಪಣಿಯನ್ನೇ ತೆಗೆದುಕೊಳ್ಳೋಣ, ರಾಮನ್ ಪರಿಣಾಮವನ್ನು ಜಗತ್ತಿಗೆ ತಿಳಿಸಿದ್ದು. ನಿಮ್ಮ ಲೇಖನದಲ್ಲಿ ಇದು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಇಲ್ಲಿ ಚಿಹ್ನೆಗಳ ಜಾಗ ಮಾತ್ರ ಗಮನಿಸಿ.

ಎಪಿಎ (ಅಮೆರಿಕದ ಮನೋವಿಜ್ಞಾನಿಗಳ ಸಂಘದ) ಶೈಲಿಯಲ್ಲಿ:
ರಾಮನ್, ಸಿ. ವಿ., & ಕೃಷ್ಣನ್, ಕೆ. ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. *ನೇಚರ್*, *121*(3048), 501–502.

ವ್ಯಾಂಕೂವರ್ (ವೈದ್ಯಕೀಯದಲ್ಲಿ ಬಳಸುವ) ಶೈಲಿಯಲ್ಲಿ:
ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್. 1928;121:501-2.

ಐಇಇಇ (ಎಂಜಿನಿಯರಿಂಗ್‌ನಲ್ಲಿ ಬಳಸುವ) ಶೈಲಿಯಲ್ಲಿ:
[1] ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್, "ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್," *ನೇಚರ್*, ಸಂಪುಟ 121, ಪು. 501–502, ಮಾರ್ಚ್ 1928.

ನೋಡಿದಿರಾ? ಮಾಹಿತಿ ಹೆಚ್ಚುಕಮ್ಮಿ ಅದೇ. ಎಪಿಎಯಲ್ಲಿ ವರ್ಷ ಮುಂದೆ ಬಂತು, ಸಂಪುಟದ ಸಂಖ್ಯೆಯೂ ಇಟಾಲಿಕ್ಸ್ ಆಯಿತು, ಸಂಚಿಕೆ ಆವರಣದೊಳಗೆ ಹೋಯಿತು. ವ್ಯಾಂಕೂವರ್‌ನಲ್ಲಿ ಇನಿಷಿಯಲ್‌ಗಳ ಚುಕ್ಕೆ ಮಾಯ, ಕೊನೆಯ ಪುಟದ ಸಂಖ್ಯೆಯೂ ಚಿಕ್ಕದಾಯಿತು. ಐಇಇಇಯಲ್ಲಿ ಇನಿಷಿಯಲ್ ಮುಂದೆ, ಶೀರ್ಷಿಕೆಗೆ ಉದ್ಧರಣ ಚಿಹ್ನೆ.

ಲೇಖಕರು ಜಾಸ್ತಿ ಇದ್ದರೆ ಲೆಕ್ಕ ಬೇರೆ ಬೇರೆ. ಎಪಿಎ 7ನೇ ಆವೃತ್ತಿಯ ಪಟ್ಟಿಯಲ್ಲಿ 20 ಲೇಖಕರ ತನಕ ಎಲ್ಲರ ಹೆಸರೂ ಬರಬೇಕು. 21 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ 19, ಮೂರು ಚುಕ್ಕೆ, ಆಮೇಲೆ ಕೊನೆಯವರ ಹೆಸರು. ಐಇಇಇಯಲ್ಲಿ ಆರು ಜನ ದಾಟಿದರೆ ಮೊದಲನೆಯವರ ಹೆಸರು ಮಾತ್ರ, ಜೊತೆಗೆ 'ಎಟ್ ಆಲ್'. ವ್ಯಾಂಕೂವರ್ ಬಳಸುವ ಬಹಳಷ್ಟು ವೈದ್ಯಕೀಯ ಜರ್ನಲ್‌ಗಳು ಮೊದಲ ಆರು ಹೆಸರು ಕೊಟ್ಟು 'ಎಟ್ ಆಲ್' ಹಾಕಿಸುತ್ತವೆ.

ಪಠ್ಯದ ಒಳಗಿನ ಉಲ್ಲೇಖಕ್ಕೆ ಬಂದರೆ, ಎಪಿಎಯಲ್ಲಿ ಆವರಣದೊಳಗೆ ಬರೆದಾಗ (ರಾಮನ್ & ಕೃಷ್ಣನ್, 1928), ವಾಕ್ಯದ ಭಾಗವಾಗಿ ಬಂದಾಗ ರಾಮನ್ ಮತ್ತು ಕೃಷ್ಣನ್ (1928). ಒಳಗಿದ್ದರೆ ಚಿಹ್ನೆ, ಹೊರಗಿದ್ದರೆ ಪದ. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ಮೊದಲ ಹೆಸರು ಮತ್ತು 'ಎಟ್ ಆಲ್'. ಯಾರದ್ದಾದರೂ ಮಾತನ್ನು ಹಾಗೇ ಎತ್ತಿ ಹಾಕಿದರೆ ಪುಟ ಸಂಖ್ಯೆ ಬೇಕೇ ಬೇಕು. ಸಂಖ್ಯೆ ಶೈಲಿಗಳಲ್ಲಿ ಪಠ್ಯದಲ್ಲಿ ಮೊದಲು ಬಂದದ್ದು 1, ಆಮೇಲಿನದು 2. ಒಮ್ಮೆ ಕೊಟ್ಟ ಸಂಖ್ಯೆ ಕೊನೆಯ ತನಕ ಅದೇ ಮೂಲಕ್ಕೆ. ಸಂಖ್ಯೆ ಪೂರ್ಣವಿರಾಮದ ಮೊದಲೋ ನಂತರವೋ ಅನ್ನುವುದನ್ನು ಜರ್ನಲ್ ನೋಡಿಯೇ ತಿಳಿಯಬೇಕು.

ಜೊಟೆರೊ ಹಾಕಿಕೊಳ್ಳಿ, ಕೈಯಲ್ಲಿ ಟೈಪ್ ಮಾಡಬೇಡಿ

ಹತ್ತಕ್ಕಿಂತ ಹೆಚ್ಚು ರೆಫರೆನ್ಸ್ ಇದ್ದರೆ ಅವನ್ನು ಕೂಡಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ಬಳಸಿ. ಮೆಂಡಲೆ, ಎಂಡ್‌ನೋಟ್ ಕೂಡ ಇವೆ, ಆದರೆ ನಾನು ಎಲ್ಲರಿಗೂ ಹೇಳುವುದು ಜೊಟೆರೊ. ಉಚಿತ, ಮುಕ್ತ ತಂತ್ರಾಂಶ, 2006ರಿಂದ ಇದೆ. ಯಾವ ವಿಶ್ವವಿದ್ಯಾಲಯದ ಲೈಸೆನ್ಸ್ ಮುಗಿದರೂ ನಿಮ್ಮ ಸಂಗ್ರಹ ನಿಮ್ಮ ಹತ್ತಿರವೇ ಉಳಿಯುತ್ತದೆ.

ಕಂಪ್ಯೂಟರ್‌ಗೆ ಜೊಟೆರೊ ಹಾಕಿ. ಬ್ರೌಸರ್‌ಗೆ ಅದರ ಕನೆಕ್ಟರ್ ಸೇರಿಸಿ. ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಜೊಟೆರೊ ಟ್ಯಾಬ್ ತಾನಾಗಿಯೇ ಬರುತ್ತದೆ. ಈ ಲೇಖನಕ್ಕೆಂದೇ ಒಂದು ಕಲೆಕ್ಷನ್ ಮಾಡಿ. ಡಿಒಐ ಗೊತ್ತಿದ್ದರೆ ಮಂತ್ರದಂಡದ ಗುರುತಿನ ಬಟನ್ ಒತ್ತಿ ಅದನ್ನು ಅಂಟಿಸಿ, ವಿವರ ಬಂದು ಕೂರುತ್ತದೆ. ಇಲ್ಲದಿದ್ದರೆ ಪ್ರಕಾಶಕರ ಪುಟ ತೆರೆದು ಕನೆಕ್ಟರ್ ಒತ್ತಿ. ಗೂಗಲ್ ಸ್ಕಾಲರ್‌ನಿಂದ ಎಳೆದುಕೊಳ್ಳಬೇಡಿ. ಅಲ್ಲಿ ಡಿಒಐ ಬರುವುದೇ ಕಮ್ಮಿ, ಲೇಖಕರ ಹೆಸರೂ ಅರ್ಧಂಬರ್ಧ ಇರುತ್ತದೆ.

ನಂತರದ ಹೆಜ್ಜೆಯನ್ನು ಬಿಟ್ಟರೆ ಮುಂದೆ ಎಲ್ಲಾ ತಪ್ಪೂ ಉಳಿದುಬಿಡುತ್ತದೆ: ಪ್ರತಿ ನಮೂದನ್ನೂ ಪಿಡಿಎಫ್‌ನ ಮೊದಲ ಪುಟದ ಪಕ್ಕ ಇಟ್ಟು ನೋಡಿ. ನಮೂದಿನ ಪ್ರಕಾರ ಸರಿ ಇದೆಯೇ? ಪುಸ್ತಕದ ಅಧ್ಯಾಯ ಪುಸ್ತಕ ಅಂತ ಕೂತಿರುತ್ತದೆ, ಸಮ್ಮೇಳನದ ಪ್ರಬಂಧ ಜರ್ನಲ್ ಲೇಖನ ಅಂತ. ಲೇಖಕರು ಎಲ್ಲರೂ ಬಂದಿದ್ದಾರಾ, ಸಂಪುಟ, ಸಂಚಿಕೆ, ಪುಟ ಇದ್ದಾವಾ? ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದಿದ್ದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ಸೆಂಟೆನ್ಸ್ ಕೇಸ್‌ಗೆ ಬದಲಿಸಿ, ಆಮೇಲೆ ಊರಿನ, ವ್ಯಕ್ತಿಯ ಹೆಸರುಗಳನ್ನು ಕೈಯಿಂದ ಸರಿ ಮಾಡಿ. ಸಂಸ್ಥೆಯೇ ಲೇಖಕ ಆಗಿದ್ದರೆ ಹೆಸರನ್ನು ಒಂದೇ ಖಾನೆಗೆ ಹಾಕಿ. ಇಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹೆಸರಿನ ಕೊನೆಯ ಪದ ಸರ್‌ನೇಮ್ ಆಗಿ, ಉಳಿದೆರಡು ಪದ ಇನಿಷಿಯಲ್ ಆಗಿ ಕೂರುತ್ತವೆ. ಲೇಟೆಕ್ ಬಳಸುವವರು ಇದೇ ಕೆಲಸಕ್ಕೆ ಬಿಬ್‌ಟೆಕ್ ಕಡತದಲ್ಲಿ ಜೋಡಿ ಸುರುಳಿ ಆವರಣ ಹಾಕಬೇಕು. ಡಿಎನ್‌ಎ ಥರದ ದೊಡ್ಡಕ್ಷರದ ಪದಗಳಿಗೆ ಒಂಟಿ ಸುರುಳಿ ಆವರಣ ಸಾಕು.

ಬರೆಯುವಾಗ ಉಲ್ಲೇಖ ಬೇಕಾದಲ್ಲಿ ಜೊಟೆರೊ ಟ್ಯಾಬ್‌ನಿಂದ ಸೇರಿಸಿ, ಕೊನೆಯಲ್ಲಿ ಬಿಬ್ಲಿಯೋಗ್ರಫಿ ಒತ್ತಿ. ಶೈಲಿಗಳ ಸಂಗ್ರಹದಲ್ಲಿ 10,000ಕ್ಕೂ ಹೆಚ್ಚು ಶೈಲಿಗಳಿವೆ, ಜರ್ನಲ್ ಹೆಸರಿನಿಂದಲೇ ಹುಡುಕಿ. ಒಂದು ಕಡೆ ತಿರಸ್ಕಾರ ಆಗಿ ಇನ್ನೊಂದು ಕಡೆ ಕಳಿಸಬೇಕಾದರೆ ಶೈಲಿ ಬದಲಿಸುವುದು ಎರಡು ಕ್ಲಿಕ್ ಕೆಲಸ.

ಪಟ್ಟಿಯಲ್ಲಿ ತಪ್ಪು ಕಂಡರೆ ವರ್ಡ್‌ನಲ್ಲಿ ತಿದ್ದಬೇಡಿ, ಜೊಟೆರೊ ಒಳಗೆ ತಿದ್ದಿ ರಿಫ್ರೆಶ್ ಮಾಡಿ. ವರ್ಡ್‌ನಲ್ಲಿ ಕೈಯಿಂದ ತಿದ್ದಿದ್ದು ಮುಂದಿನ ರಿಫ್ರೆಶ್‌ಗೆ ಅಳಿಸಿಹೋಗುತ್ತದೆ.

ನಮ್ಮ ಹೆಸರುಗಳ ತೊಡಕು

ಈ ಸಾಫ್ಟ್‌ವೇರ್‌ಗಳು, ಶೈಲಿಗಳು ಎಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಹೆಸರಿನ ಕೊನೆಯ ಪದವೇ ಕುಟುಂಬದ ಹೆಸರು. ಕರ್ನಾಟಕದಲ್ಲಿ ಎಷ್ಟೋ ಜನಕ್ಕೆ ಕುಟುಂಬದ ಹೆಸರೇ ಇಲ್ಲ. ಊರಿನ ಇನಿಷಿಯಲ್, ತಂದೆಯ ಇನಿಷಿಯಲ್, ಆಮೇಲೆ ತಮ್ಮ ಹೆಸರು. ಕೆಲವರು ಇನಿಷಿಯಲ್ ಮುಂದೆ ಹಾಕುತ್ತಾರೆ, ಕೆಲವರು ಹಿಂದೆ. ಮಂಜುನಾಥ ಎಚ್. ಅಂತ ಒಬ್ಬ ಲೇಖಕರಿದ್ದಾರೆ ಅಂದುಕೊಳ್ಳಿ. ಸಾಫ್ಟ್‌ವೇರ್ 'ಎಚ್' ಅನ್ನೇ ಕುಟುಂಬದ ಹೆಸರು ಮಾಡಿ, ಪಟ್ಟಿಯಲ್ಲಿ ಅವರನ್ನು 'ಎಚ್, ಎಂ.' ಅಂತ ಕೂರಿಸುತ್ತದೆ. ಪಠ್ಯದೊಳಗೆ (ಎಚ್, 2019) ಅಂತ ಬರುತ್ತದೆ. ಇದು ಅಂದಚಂದದ ವಿಷಯ ಅಲ್ಲ. ಆ ಲೇಖಕರಿಗೆ ಬರಬೇಕಾದ ಸೈಟೇಷನ್ ಅವರ ಲೆಕ್ಕಕ್ಕೆ ಸೇರದೆ ಹೋಗಬಹುದು.

ಸರಿ ಮಾಡುವ ದಾರಿ ಹೀಗಿದೆ. ಮೊದಲು ಅವರು ತಮ್ಮ ಲೇಖನದಲ್ಲಿ ಹೆಸರು ಹೇಗೆ ಅಚ್ಚು ಮಾಡಿಸಿದ್ದಾರೆ ನೋಡಿ. ಪ್ರಕಾಶಕರ ಪುಟದಲ್ಲಿ ಈ ಲೇಖನವನ್ನು ಉಲ್ಲೇಖಿಸಿ ಅನ್ನುವ ಬಟನ್ ಇದ್ದರೆ ಅದನ್ನೂ ಒತ್ತಿ ನೋಡಿ. ಅವರ ಆರ್ಕಿಡ್ (ಸಂಶೋಧಕರಿಗೆ ಕೊಡುವ ಖಾಯಂ ಗುರುತಿನ ಸಂಖ್ಯೆ) ಪುಟ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಪೂರ್ತಿ ಬರೆದಿರುವ ಹೆಸರನ್ನು ಕುಟುಂಬದ ಹೆಸರಿನ ಖಾನೆಗೆ ಹಾಕಿ, ಇನಿಷಿಯಲ್‌ಗಳನ್ನು ಇನ್ನೊಂದು ಖಾನೆಗೆ. ಆಗ 'ಮಂಜುನಾಥ, ಎಚ್.' ಅಂತ ಸರಿಯಾಗಿ ಬರುತ್ತದೆ. ಕುಟುಂಬದ ಹೆಸರು ಇರುವವರದ್ದು ಸುಲಭ. ಸಿ. ಎನ್. ಆರ್. ರಾವ್ ಅವರು ಎಪಿಎಯಲ್ಲಿ 'ರಾವ್, ಸಿ. ಎನ್. ಆರ್.'. ಆದರೆ ಒಂದೇ ವ್ಯಕ್ತಿ ನಿಮ್ಮ ಪಟ್ಟಿಯಲ್ಲಿ ಎರಡು ರೂಪದಲ್ಲಿ ಬರದಂತೆ ನೋಡಿಕೊಳ್ಳಿ. ಇನಿಷಿಯಲ್ ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಇದ್ದರೆ ಸಾಫ್ಟ್‌ವೇರ್ ಅವರನ್ನು ಇಬ್ಬರು ಅಂದುಕೊಳ್ಳುತ್ತದೆ. ಹೊಸದಾಗಿ ಬರೆಯಲು ಶುರು ಮಾಡಿರುವವರು ನಿಮ್ಮ ಹೆಸರು ಯಾವ ರೂಪದಲ್ಲಿ ಅಚ್ಚಾಗಬೇಕು ಅಂತ ಮೊದಲ ಲೇಖನಕ್ಕೇ ನಿರ್ಧರಿಸಿ, ಆರ್ಕಿಡ್ ಮಾಡಿಸಿಕೊಳ್ಳಿ. ಉಚಿತ.

ಕಾವ್ಯನಾಮಗಳದ್ದು ಬೇರೆ ಕಥೆ. ಪುಸ್ತಕದ ಮೇಲೆ ಕುವೆಂಪು ಅಂತಿದ್ದರೆ ಕುವೆಂಪು ಅಂತಲೇ ಹಾಕಿ. ಪುಟ್ಟಪ್ಪ ಅಂತ ಒಂದು ಕಡೆ, ಕುವೆಂಪು ಅಂತ ಇನ್ನೊಂದು ಕಡೆ ಬಂದರೆ ಹೊರಗಿನ ಓದುಗರಿಗೆ ಅದು ಒಬ್ಬರೇ ಅಂತ ತಿಳಿಯುವುದು ಹೇಗೆ? ಎರಡೂ ರೂಪ ಬಳಸಲೇಬೇಕಾದರೆ ಚೌಕ ಆವರಣದಲ್ಲಿ ಇನ್ನೊಂದು ಹೆಸರು ಕೊಡಿ.

ಕನ್ನಡ ಮೂಲಗಳನ್ನು ಇಂಗ್ಲಿಷ್ ಜರ್ನಲ್‌ಗೆ ಕೊಡುವಾಗ

ಸಾಮಾನ್ಯವಾಗಿ ಕೇಳುವುದು ಹೀಗೆ: ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆಯಿರಿ, ಪಕ್ಕದಲ್ಲಿ ಚೌಕ ಆವರಣದೊಳಗೆ ಇಂಗ್ಲಿಷ್ ಅನುವಾದ ಕೊಡಿ. ಎಪಿಎ ಇದನ್ನೇ ಹೇಳುತ್ತದೆ. ವ್ಯಾಂಕೂವರ್ ಪಾಲಿಸುವ ಜರ್ನಲ್‌ಗಳು ಕೊನೆಯಲ್ಲಿ ಭಾಷೆಯ ಹೆಸರನ್ನೂ ಕೇಳುತ್ತವೆ. ಅನುವಾದ ಮಾತ್ರ ಕೊಟ್ಟು ಮೂಲ ಶೀರ್ಷಿಕೆ ಬಿಡಬೇಡಿ, ಆ ಇಂಗ್ಲಿಷ್ ಹೆಸರಿನಿಂದ ಯಾವ ಗ್ರಂಥಾಲಯದಲ್ಲೂ ಪುಸ್ತಕ ಸಿಗುವುದಿಲ್ಲ.

ಲಿಪ್ಯಂತರಕ್ಕೆ ಒಂದೇ ಪದ್ಧತಿ ಹಿಡಿಯಿರಿ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕುವ ಐಎಸ್‌ಒ 15919 ಇದೆ, ಅಮೆರಿಕದ ಗ್ರಂಥಾಲಯಗಳ ಎಎಲ್‌ಎ-ಎಲ್‌ಸಿ ಇದೆ. ಜರ್ನಲ್ ಯಾವುದನ್ನೂ ಹೇಳದಿದ್ದರೆ ಚಿಹ್ನೆ ಇಲ್ಲದ ಸರಳ ಬರಹವೂ ಸರಿ. ಅರ್ಧ ಪಟ್ಟಿಗೆ ಚಿಹ್ನೆ, ಅರ್ಧಕ್ಕೆ ಇಲ್ಲ ಅನ್ನುವುದು ಮಾತ್ರ ಬೇಡ.

ಹಳೆಯ 'ನುಡಿ' ತಂತ್ರಾಂಶದ ಕಡತಗಳಿಂದ ಹೆಸರು ನಕಲು ಮಾಡುವವರು ಹುಷಾರು. ಆ ಕಾಲದ ಫಾಂಟ್‌ಗಳು ಯೂನಿಕೋಡ್ ಅಲ್ಲ. ಜೊಟೆರೊಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆ ಆದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ.

ಮುದ್ರಣದ ವರ್ಷದಲ್ಲೂ ಎಚ್ಚರ ಬೇಕು. ಕನ್ನಡ ಪುಸ್ತಕಗಳಲ್ಲಿ ಪ್ರಥಮ ಮುದ್ರಣ, ಮರುಮುದ್ರಣ ಅಂತ ನಾಲ್ಕೈದು ವರ್ಷಗಳು ಇರುತ್ತವೆ. ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷವನ್ನೇ ಹಾಕಿ, ಯಾಕಂದ್ರೆ ನೀವು ಕೊಟ್ಟ ಪುಟ ಸಂಖ್ಯೆ ಅದರದ್ದು. ಮೊದಲ ಮುದ್ರಣದ ವರ್ಷ ಮುಖ್ಯ ಅನಿಸಿದರೆ ಅದನ್ನೂ ಸೇರಿಸಿ. ಹಳಗನ್ನಡ ಕಾವ್ಯದ ಪದ್ಯ ಎತ್ತಿಕೊಂಡರೆ ಪುಟಕ್ಕಿಂತ ಆಶ್ವಾಸ ಮತ್ತು ಪದ್ಯದ ಸಂಖ್ಯೆ ಹೆಚ್ಚು ಉಪಯೋಗ. ಜೊತೆಗೆ ಯಾರು ಸಂಪಾದಿಸಿದ ಆವೃತ್ತಿ ಅನ್ನುವುದು ಪಟ್ಟಿಯಲ್ಲಿರಲಿ.

ಶಾಸನ ಉಲ್ಲೇಖಿಸುವವರಿಗೆ ಇನ್ನೊಂದು ಮಾತು. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ಅಂದರೆ ಬಿ. ಎಲ್. ರೈಸ್ ಕಾಲದ ಹಳೆಯ ಸಂಪುಟಗಳೂ ಇವೆ, ಮೈಸೂರಿನಿಂದ ಬಂದ ಪರಿಷ್ಕೃತ ಸಂಪುಟಗಳೂ ಇವೆ. ಎರಡರ ಸಂಪುಟ ಸಂಖ್ಯೆಗಳು ಒಂದೇ ಅಲ್ಲ. ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಮೂರನ್ನೂ ಕೊಟ್ಟು, ಹಳೆಯದೋ ಪರಿಷ್ಕೃತವೋ ಅನ್ನುವುದನ್ನು ಒಮ್ಮೆ ಸ್ಪಷ್ಟವಾಗಿ ಹೇಳಿ. ಇದನ್ನು ಬಿಟ್ಟರೆ ಓದುಗ ಬೇರೆ ಊರಿನ ಬೇರೆ ಶಾಸನದ ಮುಂದೆ ಹೋಗಿ ನಿಲ್ಲುತ್ತಾನೆ.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹ ಇದೆಯಲ್ಲ, ಅಲ್ಲಿನ ಪುಟದಲ್ಲಿ ಕೊಟ್ಟಿರುವ ಹ್ಯಾಂಡಲ್ (ಖಾಯಂ) ಕೊಂಡಿಯನ್ನು ಬಳಸಿ. ಬ್ರೌಸರ್‌ನ ವಿಳಾಸಪಟ್ಟಿಯಿಂದ ಅಧ್ಯಾಯದ ಪಿಡಿಎಫ್ ಕೊಂಡಿ ಎತ್ತಿಕೊಳ್ಳಬೇಡಿ.

ಕನ್ನಡ ಪತ್ರಿಕೆಗೆ ಬರೆಯುವಾಗ

ಕನ್ನಡದ ವಿದ್ವತ್ ಪತ್ರಿಕೆಗಳಲ್ಲಿ ಅಡಿಟಿಪ್ಪಣಿ, ಕೊನೆಟಿಪ್ಪಣಿಗಳೇ ಜಾಸ್ತಿ. ಇಲ್ಲಿ 'ಅದೇ, ಪು. 45' ಅಂತ ಬರೆಯುವ ರೂಢಿ ಇದೆ. ಕರಡು ಹಂತದಲ್ಲಿ ಹಾಗೆ ಬರೆಯಬೇಡಿ. ನಡುವೆ ಒಂದು ಹೊಸ ಟಿಪ್ಪಣಿ ಸೇರಿಸಿದರೆ ಸಾಕು, 'ಅದೇ' ಬೇರೆ ಪುಸ್ತಕವನ್ನು ತೋರಿಸುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಎಲ್ಲಾ ಟಿಪ್ಪಣಿಗೂ ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ ಬರೆದುಕೊಂಡು, ಕಳಿಸುವ ದಿನ 'ಅದೇ' ಮಾಡಿ.

'ಸಂ.' ಅನ್ನುವ ಸಂಕ್ಷೇಪ ಸಂಪಾದಕರಿಗೂ, ಸಂಪುಟಕ್ಕೂ, ಸಂಚಿಕೆಗೂ ಬಳಕೆಯಲ್ಲಿದೆ. ಒಂದಕ್ಕೆ ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಪೂರ್ತಿ ಬರೆಯಿರಿ. ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸುವಾಗ ಇನಿಷಿಯಲ್ ಮೇಲೆ ಜೋಡಿಸಬೇಡಿ, ಅರ್ಧ ಪಟ್ಟಿ 'ಎಸ್.' ಮತ್ತು 'ಕೆ.' ಕೆಳಗೆ ಹೋಗಿ ಕೂರುತ್ತದೆ. ಹೆಸರು ಮೊದಲು, ಇನಿಷಿಯಲ್ ಆಮೇಲೆ. ಜೊತೆಗೆ ಬಹುತೇಕ ಕನ್ನಡ ಫಾಂಟ್‌ಗಳಲ್ಲಿ ನಿಜವಾದ ಇಟಾಲಿಕ್ಸ್ ಇಲ್ಲ, ಅಕ್ಷರವನ್ನು ಸುಮ್ನೆ ವಾಲಿಸಿ ತೋರಿಸುತ್ತವೆ, ಓದಲು ಕಷ್ಟ. ಪತ್ರಿಕೆ ಒಪ್ಪಿದರೆ ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಅಥವಾ ದಪ್ಪಕ್ಷರ ಬಳಸಿ.

ಡಿಒಐ, ಸಂಕ್ಷೇಪ, ಹಿಂತೆಗೆದ ಲೇಖನಗಳು

ಡಿಒಐ ಅನ್ನುವುದು ಲೇಖನದ ಖಾಯಂ ವಿಳಾಸ. ಮೊದಲು '10' ಅನ್ನುವ ಸಂಖ್ಯೆ, ಚುಕ್ಕೆ, ಪ್ರಕಾಶಕರ ಸಂಖ್ಯೆ, ಓರೆಗೆರೆ, ಆಮೇಲೆ ಲೇಖನದ ಗುರುತು. ಪ್ರಕಾಶಕರ ತಾಣ ಬದಲಾದರೂ ಇದು ಬದಲಾಗುವುದಿಲ್ಲ. ಎಪಿಎ 7ನೇ ಆವೃತ್ತಿ ಇದನ್ನು ಪೂರ್ತಿ ಕೊಂಡಿಯಾಗಿ ಬರೆಯಲು ಹೇಳುತ್ತದೆ, ಕೊನೆಯಲ್ಲಿ ಪೂರ್ಣವಿರಾಮ ಇಲ್ಲದೆ. ಪ್ರತಿಯೊಂದನ್ನೂ ಕ್ಲಿಕ್ ಮಾಡಿ ನೋಡಿ. ತೆರೆಯುವುದಷ್ಟೇ ಸಾಲದು, ಅದೇ ಲೇಖನ ತೆರೆಯಬೇಕು.

ಜರ್ನಲ್ ಹೆಸರಿನ ಸಂಕ್ಷೇಪವನ್ನು ಊಹಿಸಬೇಡಿ. ವೈದ್ಯಕೀಯ, ಜೀವವಿಜ್ಞಾನದವರು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್ ನೋಡಿ. ಬೆಂಗಳೂರಿನ ಕರೆಂಟ್ ಸೈನ್ಸ್ ಸಂಕ್ಷೇಪದಲ್ಲಿ 'ಕರ್ ಸೈ' ಆಗುತ್ತದೆ. ನೇಚರ್‌ನಂತೆ ಒಂದೇ ಪದದ ಹೆಸರಿದ್ದರೆ ಸಂಕ್ಷೇಪ ಮಾಡುವ ಹಾಗಿಲ್ಲ.

ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಆನ್‌ಲೈನ್ ಹಂಚಿದ ಪ್ರತಿ) ಉಲ್ಲೇಖಿಸಿದ್ದರೆ ಕಳಿಸುವ ಮುನ್ನ ಇನ್ನೊಮ್ಮೆ ಹುಡುಕಿ, ಅಷ್ಟರಲ್ಲಿ ಜರ್ನಲ್‌ನಲ್ಲಿ ಬಂದಿರಬಹುದು. ಹಿಂತೆಗೆದ ಲೇಖನಗಳ ಮೇಲೂ ಕಣ್ಣಿಡಿ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆಯಿತು, ಆದರೆ ಆಮೇಲೂ ಅದು ಉಲ್ಲೇಖ ಆಗುತ್ತಲೇ ಇದೆ. ಜೊಟೆರೊ ಇಂಥ ನಮೂದುಗಳಿಗೆ ಕೆಂಪು ಎಚ್ಚರಿಕೆ ತೋರಿಸುತ್ತದೆ. ಅದನ್ನು ಕಡೆಗಣಿಸಬೇಡಿ.

ಎಐ ಚಾಟ್‌ಬಾಟ್‌ಗೆ ರೆಫರೆನ್ಸ್ ಕೇಳಬೇಡಿ. ಅದು ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್ ಹೆಸರು ಸೇರಿಸಿ ಇಲ್ಲದ ಲೇಖನ ಸೃಷ್ಟಿ ಮಾಡುತ್ತದೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಅದೇ ಅಪಾಯ. ಅಂಥ ಒಂದು ಸಿಕ್ಕಿಬಿದ್ದರೆ ಪರಿಶೀಲಕರು ಉಳಿದ ಯಾವುದನ್ನೂ ನಂಬುವುದಿಲ್ಲ, ನಂಬಲೂಬಾರದು. ನೀವು ತೆರೆದು ಓದದ ಲೇಖನ ನಿಮ್ಮ ಪಟ್ಟಿಯಲ್ಲಿ ಇರಕೂಡದು. ಬೇರೆಯವರ ಲೇಖನದಲ್ಲಿ ನೋಡಿದ ಮಾತಾದರೆ, ಮೂಲ ಸಿಗದಿದ್ದರೆ, ಇವರಲ್ಲಿ ಉಲ್ಲೇಖವಾದಂತೆ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಪಟ್ಟಿಗೆ ನೀವು ಓದಿದ್ದು ಮಾತ್ರ ಹೋಗಲಿ.

ಉಲ್ಲೇಖ ಕೊಟ್ಟರೆ ನಕಲು ತಪ್ಪಲ್ಲ ಅನ್ನುವ ನಂಬಿಕೆಯೂ ಬಹಳ ಕಡೆ ಇದೆ. ವಾಕ್ಯ ಹಾಗೇ ಎತ್ತಿದ್ದರೆ ಉದ್ಧರಣ ಚಿಹ್ನೆ ಬೇಕು. ಯುಜಿಸಿಯ 2018ರ ನಿಯಮ 10% ತನಕದ ಹೋಲಿಕೆಗೆ ದಂಡ ಹಾಕುವುದಿಲ್ಲ, ರೆಫರೆನ್ಸ್ ಪಟ್ಟಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಚಿಹ್ನೆ ಇಲ್ಲದೆ ಎತ್ತಿದ ಪ್ಯಾರಾ ಕೊನೆಗೆ ಆವರಣದಲ್ಲಿ ಹೆಸರು ಹಾಕಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಕಳಿಸುವ ದಿನ

ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಲೇಖನವನ್ನು ಮೊದಲಿಂದ ಓದುತ್ತಾ ಪ್ರತಿ ಉಲ್ಲೇಖ ಬಂದಾಗ ಪಟ್ಟಿಯಲ್ಲಿ ಟಿಕ್ ಹಾಕಿ. ಹೆಸರಿನ ಕಾಗುಣಿತ, ವರ್ಷ ಎರಡೂ ಕಡೆ ಒಂದೇ ಇರಬೇಕು. ಕೊನೆಗೆ ಟಿಕ್ ಇಲ್ಲದೆ ಉಳಿದದ್ದು ಪಠ್ಯದಲ್ಲಿ ಇಲ್ಲ ಅಂತ ಅರ್ಥ, ತೆಗೆದುಹಾಕಿ. ಕೈಯಿಂದ ಟೈಪ್ ಮಾಡಿದ ಉಲ್ಲೇಖ ಯಾವುದಾದರೂ ನುಸುಳಿದೆಯಾ ಅಂತ ತಿಳಿಯಲು ವರ್ಡ್‌ನಲ್ಲಿ 19 ಮತ್ತು 20 ಅಂತ ಹುಡುಕಿ. ಎಲ್ಲಾ ವರ್ಷಗಳೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಕೋಷ್ಟಕ ಮತ್ತು ಚಿತ್ರಗಳ ಅಡಿಬರಹದಲ್ಲೂ ನೋಡಿ, ಅಲ್ಲಿರುವ ಉಲ್ಲೇಖವನ್ನು ಎಷ್ಟೋ ಜನ ಮರೆತಿರುತ್ತಾರೆ.

ಹೆಸರು ಮುಚ್ಚಿ ಪರಿಶೀಲಿಸುವ ಜರ್ನಲ್ ಆದರೆ 'ನಮ್ಮ ಹಿಂದಿನ ಅಧ್ಯಯನದಲ್ಲಿ' ಅನ್ನುವ ಮಾತು ತೆಗೆದು, ನಿಮ್ಮ ಹಳೆಯ ಲೇಖನವನ್ನೂ ಬೇರೆಯವರದ್ದನ್ನು ಉಲ್ಲೇಖಿಸುವ ಹಾಗೆಯೇ ಉಲ್ಲೇಖಿಸಿ. ಕಡತದ ಗುಣಲಕ್ಷಣಗಳಲ್ಲಿ ನಿಮ್ಮ ಹೆಸರು ಉಳಿದಿದ್ದರೆ ಅಳಿಸಿ.

ಕೊನೆಯದಾಗಿ ಕಡತದ ಒಂದು ನಕಲು ಮಾಡಿ, ಆ ನಕಲಿನಲ್ಲಿ ಮಾತ್ರ ಜೊಟೆರೊ ಟ್ಯಾಬ್‌ನ ಅನ್‌ಲಿಂಕ್ ಸೈಟೇಷನ್ಸ್ ಒತ್ತಿ. ಕೋಡ್‌ಗಳೆಲ್ಲ ಹೋಗಿ ಸಾದಾ ಪಠ್ಯ ಆಗುತ್ತದೆ, ಜರ್ನಲ್‌ನ ಸಲ್ಲಿಕೆ ವ್ಯವಸ್ಥೆಯಲ್ಲಿ ಒಡೆಯುವುದಿಲ್ಲ. ಮೂಲ ಕಡತವನ್ನು ಹಾಗೇ ಇಟ್ಟುಕೊಳ್ಳಿ. ಪರಿಶೀಲಕರು ಇನ್ನೂ ನಾಲ್ಕು ಲೇಖನ ಸೇರಿಸಿ ಅಂದಾಗ ಅದರಲ್ಲೇ ಕೆಲಸ ಮುಂದುವರಿಸಬೇಕು.